ಉಂಡವನ ಹೆಸರು

ದೊಡವಾಡದ ನಿಜಗುಣಪ್ಪನಿಗೆ ದೇವರು ಎರಡನ್ನು ಧಾರಾಳವಾಗಿ ಕೊಟ್ಟಿದ್ದ, ಬೆರಳು ಮತ್ತು ನಾಲಿಗೆ. ಬೆರಳಿನಿಂದ ಅವನು ಹೊಟ್ಟೆ ಹೊರೆದ, ನಾಲಿಗೆಯಿಂದ ಬಾಳು ಕೆಡಿಸಿಕೊಂಡ. ಹೀಗೆ ಹೇಳಿದರೆ ಅವನನ್ನು ಕುಡುಕನೆಂದೋ ಬೈಗುಳದವನೆಂದೋ ತಿಳಿದೀರಿ. ಹಾಗೇನೂ ಇಲ್ಲ. ಒಂದು ಬೀಡಿ ಸೇದಿದವನಲ್ಲ, ಯಾರ ಮೇಲೂ ದನಿ ಏರಿಸಿದವನಲ್ಲ. ರುಚಿಯಾದದ್ದನ್ನು ಹುಡುಕಿಕೊಂಡು ಹೋಗಿ ತಿನ್ನಬೇಕು ಎಂಬುದೊಂದೇ ಅವನ ಚಟ. ತಿನ್ನುವುದನ್ನು ಚಟ ಎನ್ನಬಹುದೇ ಎಂದು ಅವನ ಗೆಳೆಯರು ನಗುತ್ತಿದ್ದರು, ಅವನೂ ಅವರ ಜೊತೆ ನಗುತ್ತಿದ್ದ.

ಬೈಲಹೊಂಗಲದ ಹತ್ತಿ ಪೇಟೆಯಲ್ಲಿ ಒಬ್ಬ ಸಾಹುಕಾರರ ಅಂಗಡಿಗೆ ಮಾಲು ನೋಡಿಕೊಡುವುದು ಅವನ ಕೆಲಸ. ಗಾಡಿಯಿಂದ ಇಳಿದ ಅಂಡಿಗೆಯೊಳಗೆ, ಅಂದರೆ ಹತ್ತಿ ತುಂಬಿದ ದೊಡ್ಡ ಚೀಲದೊಳಗೆ, ಕೈ ಹಾಕಿ ಒಂದು ಚಿಟಿಕೆ ಹತ್ತಿ ಕಿತ್ತು, ಎರಡು ಹೆಬ್ಬೆರಳ ನಡುವೆ ಎಳೆ ಬಿಡಿಸಿ ನೋಡಿದನೆಂದರೆ ಮುಗಿಯಿತು. ಇದು ಮನೋಳಿಯ ಕಡೆಯ ಹತ್ತಿ, ಇದು ಕಿತ್ತೂರಿನ ಕಡೆಯದು, ಇದನ್ನು ಮಂಜು ಬಿದ್ದಾಗ ಬಿಡಿಸಿದ್ದಾರೆ ಎಂದು ಕಣ್ಣು ಮುಚ್ಚಿಕೊಂಡು ಹೇಳುತ್ತಿದ್ದ. ಅವನ ಮಾತಿನ ಮೇಲೆ ದರ ನಿಲ್ಲುತ್ತಿತ್ತು. ಮಾಲು ನೋಡಲಿಕ್ಕೆಂದು ಸವದತ್ತಿ, ರಾಮದುರ್ಗ, ಕಿತ್ತೂರು ಎಂದು ತಿರುಗಾಟವೂ ಇತ್ತು. ಹೋದಲ್ಲೆಲ್ಲ ಮೊದಲು ಹತ್ತಿ ನೋಡುತ್ತಿದ್ದನೋ ಮೊದಲು ಖಾನಾವಳಿ ನೋಡುತ್ತಿದ್ದನೋ, ಅದನ್ನು ಅವನ ಸಾಹುಕಾರರೂ ಕೇಳಲಿಲ್ಲ. ಸವದತ್ತಿಯಲ್ಲಿ ಯಾರ ಅಂಗಡಿಯ ಮಿರ್ಚಿ ಭಜಿ ಎಷ್ಟು ಹೊತ್ತಿಗೆ ಬಾಣಲೆಯಿಂದ ಏಳುತ್ತದೆ, ರಾಮದುರ್ಗದ ನೇಕಾರರ ಓಣಿಯಲ್ಲಿ ಯಾರ ಮನೆಯ ಮುದುಕಿ ಹೇಳಿ ಮಾಡಿಸಿದರೆ ಎಣ್ಣೆಗಾಯಿ ಮಾಡಿಕೊಡುತ್ತಾಳೆ, ಎಲ್ಲ ಅವನ ಬೆರಳ ತುದಿಯಲ್ಲಿ. ಇರುವುದು ನಾಲ್ಕು ದಿನ, ನಾಲಿಗೆಗೆ ಯಾಕೆ ಮೋಸ ಮಾಡಬೇಕು ಎನ್ನುತ್ತಿದ್ದ.

ಮನೆಯಲ್ಲಿ ತಂಗೆವ್ವ ಇದ್ದಳು. ಕಿತ್ತೂರಿನ ಹೆಣ್ಣು. ಮಾತು ಕಡಿಮೆ, ಕೆಲಸ ಜಾಸ್ತಿ. ಗಂಡ ಬೆಳಿಗ್ಗೆ ಆರೂವರೆಯ ಬಸ್ಸಿಗೆ ಹೋಗಬೇಕು, ಅಷ್ಟು ಬೇಗ ಒಲೆ ಮುಂದೆ ಕೂತರೂ ಒಯ್ದ ರೊಟ್ಟಿ ಮಧ್ಯಾಹ್ನದ ಹೊತ್ತಿಗೆ ಚಕ್ಕಳವಾಗುತ್ತದೆ. ಅದಕ್ಕೇ ನಮ್ಮ ಕಡೆ ಬುತ್ತಿ ಬಸ್ಸಿನಲ್ಲಿ ಬರುತ್ತದೆ. ಹತ್ತು ಗಂಟೆಗೆ ದೊಡವಾಡ ಬಿಡುವ ಬಸ್ಸಿನಲ್ಲಿ ಡ್ರೈವರನ ಪಕ್ಕದ ಬಾನೆಟ್ಟಿನ ಮೇಲೆ ಹತ್ತಿಪ್ಪತ್ತು ಡಬ್ಬಿ ಕೂತಿರುತ್ತವೆ. ಕಾಲೇಜು ಹುಡುಗರವು, ಅಂಗಡಿಯಲ್ಲಿ ದುಡಿಯುವವರವು. ಒಂದಕ್ಕೂ ಚೀಟಿ ಇರುವುದಿಲ್ಲ, ಒಂದೂ ತಪ್ಪುವುದಿಲ್ಲ. ಯಾವ ಅರಿವೆಯ ಗಂಟು ಯಾರದ್ದು ಎಂಬುದು ಕಂಡಕ್ಟರ್ ಅಂದಾನೆಪ್ಪನಿಗೆ ಗೊತ್ತು. ಸಂಜೆ ನಾಲ್ಕರ ಬಸ್ಸಿನಲ್ಲಿ ಖಾಲಿ ಡಬ್ಬಿಗಳು ಅದೇ ಬಾನೆಟ್ಟಿನ ಮೇಲೆ ಕೂತು ಊರಿಗೆ ಮರಳುತ್ತವೆ.

ತಂಗೆವ್ವನ ಬುತ್ತಿಯನ್ನು ನಿಜಗುಣಪ್ಪ ಎಷ್ಟು ದಿನ ಉಂಡ? ಬಸ್ಸಿನಲ್ಲಿ ಬುತ್ತಿ ಬರಲು ಶುರುವಾದ ಮೇಲೆ ಸರಿಯಾಗಿ ಲೆಕ್ಕ ಹಾಕಿದರೆ ಎರಡು ತಿಂಗಳು. ತೊಂಬತ್ತೆರಡನೆಯ ಇಸವಿಯ ಹಂಗಾಮಿನಲ್ಲಿ ಬಸ್‌ಸ್ಟ್ಯಾಂಡಿನ ಹತ್ತಿರ ಹೊಸ ಖಾನಾವಳಿಯೊಂದು ತೆರೆಯಿತು. ಬಿಸಿ ರೊಟ್ಟಿಯ ಮೇಲೆ ಬೆಣ್ಣೆ ಉಂಡೆ ಇಟ್ಟು, ನಾಲ್ಕು ಥರದ ಪಲ್ಯ, ಗಟ್ಟಿ ಮೊಸರು ಬಡಿಸುತ್ತಾರೆ ಎಂದು ಸುದ್ದಿ. ಗೆಳೆಯರು ಎದ್ದರು, ಇವನೂ ಎದ್ದ. ಕೈಯಲ್ಲಿ ಡಬ್ಬಿ ಇತ್ತು. ಅಲ್ಲೇ ಅಂಡಿಗೆಗಳ ನೆರಳಿನಲ್ಲಿ ಹಮಾಲ ಹನುಮಪ್ಪ ಚಹಾದಲ್ಲಿ ಬನ್ನು ಅದ್ದಿಕೊಂಡು ತಿನ್ನುತ್ತಿದ್ದ. ಅವನ ಹೆಂಡತಿ ರಾಮವ್ವ ಸತ್ತು ವರ್ಷವಾಗಿತ್ತು, ಮಕ್ಕಳಿಲ್ಲ, ಪೇಟೆಯ ಶೆಡ್ಡೇ ಮನೆ. ನಿಜಗುಣಪ್ಪ ಡಬ್ಬಿಯನ್ನು ಅವನ ಮುಂದೆ ಇಟ್ಟು, ಉಂಡು ನಾಲ್ಕರ ಬಸ್ಸಿಗೆ ಇಟ್ಟುಬಿಡು ಎಂದು ಹೇಳಿ ಹೋದ.

ಮರುದಿನವೂ ಹಾಗೇ ಆಯಿತು. ಮೂರನೆಯ ದಿನ ಹೇಳುವ ಅಗತ್ಯವೇ ಬೀಳಲಿಲ್ಲ. ಹನುಮಪ್ಪ ತಾನೇ ಬಸ್ಸಿಗೆ ಹೋಗಿ ಡಬ್ಬಿ ಇಳಿಸಿಕೊಂಡ. ಮೊದಮೊದಲು ನಿಜಗುಣಪ್ಪನಿಗೆ ಮನಸ್ಸಿನಲ್ಲಿ ಚುಳ್ಳೆನ್ನುತ್ತಿತ್ತು. ಆಮೇಲೆ ಅದಕ್ಕೂ ಅವನ ಬುದ್ಧಿ ಒಂದು ದಾರಿ ಕಂಡುಕೊಂಡಿತು. ದಿಕ್ಕಿಲ್ಲದ ಒಬ್ಬನಿಗೆ ದಿನಾ ಅನ್ನ ಹಾಕುತ್ತಿದ್ದೇನಲ್ಲ, ಇದಕ್ಕಿಂತ ಪುಣ್ಯ ಬೇಕೇ ಎಂದುಕೊಂಡ. ನಾಲಿಗೆಗೆ ಸುಖ, ಮೇಲಿಂದ ಪುಣ್ಯ. ಇಂಥ ಅನುಕೂಲ ಎಲ್ಲರಿಗೂ ಸಿಗುವುದಿಲ್ಲ. ಅನ್ನ ಯಾರ ಕೈಯದು ಎಂಬುದೊಂದನ್ನು ಅವನು ಆ ಲೆಕ್ಕಕ್ಕೆ ತರಲಿಲ್ಲ.

ಹೀಗೆ ಹನ್ನೊಂದು ವರ್ಷ. ನಂಬುವುದು ಕಷ್ಟ, ಆದರೆ ರೂಢಿ ಬಿದ್ದ ಮೇಲೆ ಹನ್ನೊಂದು ವರ್ಷ ಹನ್ನೊಂದು ದಿನದ ಹಾಗೆ ಸರಿದುಹೋಗುತ್ತವೆ. ಮಗಳು ಶಿವಾನಿ ಬೆಳೆದಳು, ಅವಳನ್ನು ರಾಮದುರ್ಗಕ್ಕೆ ಕೊಟ್ಟರು. ನಿಜಗುಣಪ್ಪ ರಾತ್ರಿ ಮನೆಗೆ ಬಂದರೆ ಹಗಲು ತಿಂದದ್ದೇ ಹೊಟ್ಟೆಯಲ್ಲಿ ಕೂತಿರುತ್ತಿತ್ತು. ಒಂದಿಷ್ಟು ನುಚ್ಚು ಮಜ್ಜಿಗೆ ಕುಡಿದು ಮಲಗುತ್ತಿದ್ದ. ಬುತ್ತಿ ಸಾಕಾಯಿತೇ ಎಂದು ತಂಗೆವ್ವ ಮೊದಮೊದಲು ಕೇಳುತ್ತಿದ್ದಳು, ಅವನು ಹೂಂ ಅನ್ನುತ್ತಿದ್ದ. ಯಾವಾಗಲೋ ಅವಳು ಕೇಳುವುದನ್ನು ಬಿಟ್ಟಳು. ಅವಳಿಗೆಲ್ಲಿ ತಿಳಿದುಬಿಡುತ್ತದೋ ಎಂಬ ಸಣ್ಣ ಅಂಜಿಕೆ ಮಾತ್ರ ಅವನಲ್ಲಿ ಉಳಿದುಕೊಂಡಿತು. ಊರವರು ಯಾರಾದರೂ ಖಾನಾವಳಿಯಲ್ಲಿ ಕಂಡರೆ ಮುಖ ಆ ಕಡೆ ತಿರುಗಿಸುತ್ತಿದ್ದ.

ಇಷ್ಟು ಸುಖಪಟ್ಟವನು ಸಂತೋಷವಾಗಿದ್ದನೇ? ಇದನ್ನು ಕೇಳಲೇಬೇಕು. ತಿನ್ನುವ ಹೊತ್ತಿನಲ್ಲಿ ಇದ್ದ, ಅದನ್ನು ಸುಳ್ಳು ಎನ್ನಲಾಗದು. ಕೈ ತೊಳೆದು ಬಸ್‌ಸ್ಟ್ಯಾಂಡಿಗೆ ಬರುವಷ್ಟರಲ್ಲಿ ಅದು ಮುಗಿದಿರುತ್ತಿತ್ತು. ವರ್ಷ ಹೋದಂತೆ ಬೆಣ್ಣೆ ರೊಟ್ಟಿ ಸಪ್ಪೆ ಎನಿಸಿತು. ಆಗ ಖಾನಾವಳಿ ಬದಲಿಸಿದ. ಅದೂ ಸಪ್ಪೆಯಾದಾಗ ಊರು ಬದಲಿಸಿದ. ಒಂದು ತಾಟಿಗಾಗಿ ರಾಮದುರ್ಗದವರೆಗೆ ಹೋಗಿ, ಅರ್ಧ ತಿಂದು, ಹೋದ ಸಲದ ರುಚಿ ಇಲ್ಲ ಎಂದು ಮುಖ ಸಿಂಡರಿಸಿಕೊಂಡು ಬಂದದ್ದೂ ಉಂಟು. ತಪ್ಪು ಅಡಿಗೆಯವರದ್ದೇ ಎಂದು ಅವನು ನಂಬಿದ್ದ. ಬೇರೆಯವರ ಹತ್ತಿಯಲ್ಲಿ ಕಸ ಹುಡುಕಿ ಹುಡುಕಿ ಬಂದ ಬುದ್ಧಿ ಅದು.

ಎರಡು ಸಾವಿರದ ಮೂರನೆಯ ಇಸವಿ ಸಂಕ್ರಾಂತಿ ಕಳೆದು ಒಂದು ವಾರ. ಮನೋಳಿಯ ರೈತನೊಬ್ಬ ಹೊಳೆಯ ದಂಡೆಯ ಹೊಲದಲ್ಲಿ ಸೀತನಿ ತಿನ್ನಲು ಕರೆದಿದ್ದ. ಹಸಿ ಜೋಳದ ತೆನೆಯನ್ನು ಕೆಂಡದಲ್ಲಿ ಸುಟ್ಟು, ಉಜ್ಜಿ, ಬಿಸಿಬಿಸಿ ಕಾಳಿಗೆ ಶೇಂಗಾ ಹಿಂಡಿಯ ಖಾರದ ಪುಡಿ ಹಚ್ಚಿಕೊಂಡು ತಿನ್ನುವ ಸುಖಕ್ಕೆ ನಿಜಗುಣಪ್ಪ ವರ್ಷವಿಡೀ ಕಾಯುತ್ತಿದ್ದ. ಜೀಪು ಬಂದು ನಿಂತಿತ್ತು, ಗೆಳೆಯರು ಒಳಗೆ ಕೂತಿದ್ದರು. ಅಷ್ಟರಲ್ಲಿ ಹನುಮಪ್ಪ ಹತ್ತಿರ ಬಂದು ನಿಂತ. ಹನ್ನೊಂದು ವರ್ಷದಲ್ಲಿ ಬುತ್ತಿಯ ಬಗ್ಗೆ ಒಂದು ಮಾತೂ ಆಡದವನು ಅವತ್ತು ತಲೆ ತಗ್ಗಿಸಿಕೊಂಡು ಕೇಳಿದ.

"ಅಣ್ಣಾರ, ಅಕ್ಕಾರ ಬಲಗೈಗೆ ಏನರ ಆಗೇತೇನ್ರಿ?"

ನಿಜಗುಣಪ್ಪನಿಗೆ ಅರ್ಥವಾಗಲಿಲ್ಲ. ಹನುಮಪ್ಪ ಅಂಜುತ್ತಂಜುತ್ತ ಬಿಡಿಸಿ ಹೇಳಿದ. ದಸರೆಯಿಂದ ರೊಟ್ಟಿ ದಪ್ಪ ಬರುತ್ತಿವೆಯಂತೆ. ದೀಪಾವಳಿಯ ಮೇಲೆ ಅಂಚು ಒಡೆಯಹತ್ತಿದವಂತೆ. ಮೊದಲಿನಂಥ ಬಡಿತದ ರೊಟ್ಟಿಯನ್ನು ತಾನು ಬೇರೆಲ್ಲೂ ಕಂಡಿರಲಿಲ್ಲ, ಹಾಳೆಯ ಹಾಗೆ ಇರುತ್ತಿದ್ದವು. ಈಗ ಒಂದು ತಿಂಗಳಿಂದ ರೊಟ್ಟಿಯ ಮೇಲಿನ ಬೆರಳ ಗುರುತುಗಳೇ ತಿರುವು ಮುರುವಾಗಿವೆ.

"ಎಡಗೈಲೆ ಬಡಿಯಾಕತ್ತಾರ್ರಿ ಅವರು," ಎಂದ. "ಉಂಡಾಂವ ನಾ, ಕೊಂಕ ತಗದು ಹೆಸರ ಇಡಬಾರದು. ಆದ್ರ ತಡಿಲಿಲ್ಲ, ಕೇಳಿದೆ."

ನಿಜಗುಣಪ್ಪ ಜೀಪಿನ ಮೆಟ್ಟಿಲ ಮೇಲಿಟ್ಟಿದ್ದ ಕಾಲನ್ನು ಕೆಳಗಿಟ್ಟ. ಜೀಪಿನವರು ಹಾರ್ನ್ ಹೊಡೆದರು. ಮನೆಗೆ ಹೋಗಿ ಕೇಳಿದರಾಯಿತು ಎಂದುಕೊಂಡು ಹತ್ತಿ ಕೂತ. ಅವತ್ತು ಮನೋಳಿಯಲ್ಲಿ ಸೀತನಿ ಚೆನ್ನಾಗಿತ್ತು, ಹೊಟ್ಟೆ ಬಿರಿಯುವಂತೆ ತಿಂದ. ಮನೆಗೆ ಬಂದವನು ಹಾಗೇ ಮಲಗಿದ. ಮರುದಿನ ಸವದತ್ತಿ, ಅದರ ಮರುದಿನ ರಾಮದುರ್ಗ. ಕೇಳಬೇಕಾದ ಒಂದು ಮಾತು ಹನ್ನೆರಡು ದಿನ ಅವನ ಬಾಯಲ್ಲೇ ಇತ್ತು. ಆ ಹನ್ನೆರಡು ದಿನ ಮೊದಲೇ ಕೇಳಿದ್ದರೂ ಏನೂ ಆಗುತ್ತಿರಲಿಲ್ಲ ಎಂದು ಆಮೇಲೆ ಡಾಕ್ಟರು ಹೇಳಿದರು. ಅದನ್ನು ಅವರು ಸಮಾಧಾನಕ್ಕೆ ಹೇಳಿದರೋ ಏನೋ, ನಿಜಗುಣಪ್ಪನಿಗೆ ಅದರಿಂದ ಸಮಾಧಾನವಾಗಲಿಲ್ಲ.

ಅಮವಾಸ್ಯೆಯ ದಿನ ಪೇಟೆ ಬಂದ್. ಅವನು ಮನೆಯಲ್ಲಿದ್ದ. ಪಕ್ಕದ ಮನೆಯ ಸುಂದರವ್ವ ಬಂದು ಒಲೆಯ ಮುಂದೆ ಹೋಳಿಗೆ ಲಟ್ಟಿಸುತ್ತಿದ್ದಳು. ಹಬ್ಬ ಅಮವಾಸ್ಯೆಗೆ ಅವಳು ಬಂದು ಮಾಡಿಕೊಟ್ಟು ಹೋಗುವುದು ಶುರುವಾಗಿ ಎಷ್ಟು ತಿಂಗಳಾಯಿತು, ಯಾಕೆ ಎಂದು ಅವನು ಒಮ್ಮೆಯೂ ಕೇಳಿರಲಿಲ್ಲ. ತಂಗೆವ್ವ ಪಡಸಾಲೆಯ ಕಂಬಕ್ಕೆ ಒರಗಿ, ಬಲಗೈ ಸೆರಗಿನೊಳಗೆ ಇಟ್ಟುಕೊಂಡು ಎಡಗೈಯಿಂದ ಅಕ್ಕಿ ಆರಿಸುತ್ತಿದ್ದಳು. ಕೈ ತೋರಿಸು ಎಂದ. ಏನಿಲ್ಲ, ಸ್ವಲ್ಪ ಬಾವು ಬಂದೈತಿ ಎಂದಳು. ಅವನೇ ಸೆರಗು ಸರಿಸಿದ. ಭುಜದಿಂದ ಬೆರಳ ತನಕ ಕೈ ಊದಿ, ಬಳೆ ತೆಗೆದ ಜಾಗ ಕಪ್ಪಾಗಿತ್ತು. ಅವನು ಹೆಬ್ಬೆರಳಿನಿಂದ ಒತ್ತಿದ. ಒತ್ತಿದ ಗುಳಿ ಹಾಗೇ ಉಳಿಯಿತು. ಹತ್ತಿಯ ಗುಣ ಹೇಳುವ ಆ ಬೆರಳು ಇಷ್ಟು ವರ್ಷ ಮಗ್ಗುಲಲ್ಲೇ ಮಲಗಿದ್ದವಳ ಕೈಯನ್ನು ಮುಟ್ಟಿ ನೋಡಿದ್ದು ಅವತ್ತೇ.

ಧಾರವಾಡದ ದವಾಖಾನೆಯಲ್ಲಿ ಎಲ್ಲ ಆಯಿತು. ಎದೆಯ ಗಂಟು ಕಂಕುಳಿಗೆ ಇಳಿದು ಎರಡು ವರ್ಷವಾಗಿದೆ ಎಂದರು, ಮೊದಲೇ ಬರಬೇಕಿತ್ತು ಎಂದರು. ಕೊಯ್ಯುವುದನ್ನು ಕೊಯ್ದರು, ಕೊಡುವ ಔಷಧ ಕೊಟ್ಟರು. ಹೋಳಿ ಹುಣ್ಣಿವೆಯ ಹೊತ್ತಿಗೆ ಮನೆಗೆ ಕರೆದುಕೊಂಡು ಹೋಗಿರಿ ಎಂದರು. ಹಾಗೆಂದರೆ ಏನು ಎಂಬುದು ನಿಜಗುಣಪ್ಪನಿಗೂ ತಿಳಿಯಿತು, ತಂಗೆವ್ವನಿಗೂ ತಿಳಿಯಿತು.

ನಿಜಗುಣಪ್ಪ ಪೇಟೆಗೆ ಹೋಗುವುದನ್ನು ಬಿಟ್ಟ. ರಾಮದುರ್ಗದಿಂದ ಶಿವಾನಿ ಬಂದು ಒಲೆ ನೋಡಿಕೊಂಡಳು. ಅವನು ಹೆಂಡತಿಯ ಹಾಸಿಗೆಯ ಪಕ್ಕ ಕೂತು ಗಾಳಿ ಹಾಕುವುದು, ನೀರು ಕುಡಿಸುವುದು ಕಲಿತ. ಮಗಳು ಇಟ್ಟ ತಾಟನ್ನು ಮಾತಿಲ್ಲದೆ ಉಣ್ಣುತ್ತಿದ್ದ, ಉಪ್ಪು ಇದೆಯೋ ಇಲ್ಲವೋ ಎಂಬುದೂ ತಿಳಿಯುತ್ತಿರಲಿಲ್ಲ. ಒಂದು ಮಧ್ಯಾಹ್ನ ಶಿವಾನಿ ಹಿತ್ತಲಿಗೆ ಹೋಗಿದ್ದಳು. ತಂಗೆವ್ವ ಕಣ್ಣು ತೆರೆದು, ಬಹಳ ಹೊತ್ತು ಗಂಡನ ಮುಖ ನೋಡಿ, ಹನ್ನೊಂದು ವರ್ಷ ಬುತ್ತಿ ಕಳಿಸಿದ್ದೇನೆ, ಒಂದು ದಿನವೂ ಏನೂ ಹೇಳಲಿಲ್ಲ, ಯಾವುದು ಹಿಡಿಸಿತ್ತು ಎಂದು ಕೇಳಿದಳು. ಎಲ್ಲವೂ ಚೆನ್ನಾಗಿತ್ತು ಎಂದ. ಅವಳು ಬಿಡಲಿಲ್ಲ.

"ಒಂದರ ಹೆಸರ ಹೇಳ್ರಿ. ಕೇಳಬೇಕನಸೇತಿ."

ಇಷ್ಟು ವರ್ಷ ಯಾವ ಗಳಿಗೆಗೆ ಅಂಜಿದ್ದನೋ ಅದು ಬಂದಿತ್ತು. ಜೀವನದಲ್ಲಿ ಅವಳು ಅವನನ್ನು ಕೇಳಿದ್ದು ಕಡಿಮೆ. ಕೊನೆಗಾಲಕ್ಕೆ ಕೇಳಿದ್ದು ಒಂದು ಪದಾರ್ಥದ ಹೆಸರು, ಅದು ಕೂಡ ಅವನ ಹತ್ತಿರ ಇರಲಿಲ್ಲ. ಬಾಯಿಗೆ ಬಂದದ್ದನ್ನು ಹೇಳಿಬಿಡಬಹುದಿತ್ತು. ಅವಳು ಎಂದೂ ಕಳಿಸದ್ದನ್ನು ಹೇಳಿದರೆ ಸಿಕ್ಕಿಬೀಳುತ್ತೇನೆ ಎಂಬ ಭಯ. ಅದಕ್ಕಿಂತ ಹೆಚ್ಚಾಗಿ, ಸಾಯುವವಳು ಕೇಳಿದ್ದಕ್ಕೆ ನಿಜವಾಗಿ ರುಚಿಸಿದ್ದನ್ನೇ ಹೇಳಬೇಕು ಎಂದು ಅವನಿಗೆ ಒಳಗಿನಿಂದ ಅನ್ನಿಸಿತು. ನೆನಪು ಮಾಡಿಕೊಂಡು ನಾಳೆ ಹೇಳುತ್ತೇನೆ ಎಂದ. ತಂಗೆವ್ವ ಹೂಂ ಎಂದು ಕಣ್ಣು ಮುಚ್ಚಿದಳು.

ಮರುದಿನ ಹತ್ತು ಗಂಟೆಯ ಬಸ್ಸಿಗೇ ಬೈಲಹೊಂಗಲಕ್ಕೆ ಹೋದ. ಬಾನೆಟ್ಟಿನ ಮೇಲೆ ಡಬ್ಬಿಗಳಿದ್ದವು, ಅವುಗಳ ಕಡೆ ನೋಡಲಾಗದೆ ಕಿಟಕಿಯ ಹೊರಗೆ ನೋಡುತ್ತ ಕೂತ. ಪೇಟೆಯಲ್ಲಿ ಹನುಮಪ್ಪ ಮತ್ತೆ ಚಹಾ ಬನ್ನಿಗೆ ಬಂದಿದ್ದ, ಬಡಕಲಾಗಿದ್ದ. ಅಕ್ಕಾರು ಹ್ಯಾಗಿದ್ದಾರೆ ಎಂದು ಮೊದಲು ಕೇಳಿದ. ನಿಜಗುಣಪ್ಪ ಅವನ ಪಕ್ಕ ನೆಲದ ಮೇಲೆ ಕೂತು, ಬಂದ ಕೆಲಸ ಹೇಳಿದ. ಹೇಳುವಾಗ ಅವನ ಮುಖ ಕೆಂಪಾಗಿತ್ತು. ಹೆಂಡತಿಯ ಕೈರುಚಿಯನ್ನು ಒಬ್ಬ ಹಮಾಲನನ್ನು ಕೇಳಿ ತಿಳಿಯುವ ದಿನ ಅವನಿಗೆ ಬಂದಿತ್ತು. ಹನುಮಪ್ಪ ನಗಲಿಲ್ಲ. ತಿನ್ನುತ್ತಿದ್ದ ಬನ್ನು ಕೆಳಗಿಟ್ಟು ಬಹಳ ಹೊತ್ತು ಯೋಚಿಸಿದ. ಎಳೆ ಬದನೆಕಾಯಿಯ ಪಲ್ಯ ಎಂದ, ಅಲ್ಲ ಅಲ್ಲ ಎಂದ. ಗುರೆಳ್ಳು ಹಿಂಡಿ ಎಂದ. ಕೊನೆಗೆ ಗಟ್ಟಿ ಮಾಡಿ ಹೇಳಿದ.

"ಪುಂಡಿಪಲ್ಯ್ರಿ. ಜ್ವಾಳದ ನುಚ್ಚ ಹಾಕಿ, ಬಳ್ಳೊಳ್ಳಿ ಒಗ್ಗರಣಿ ಕೊಟ್ಟಿದ್ದು. ಅದು ಬಂದ ದಿನ ನಮ್ಮಾಕಿ ಬದುಕ್ಯಾಳ ಅನಸ್ತಿತ್ತು."

ಬಸ್ಸಿನಲ್ಲಿ ದಾರಿಯುದ್ದಕ್ಕೂ ನಿಜಗುಣಪ್ಪ ಪರೀಕ್ಷೆಗೆ ಹೊರಟ ಹುಡುಗನಂತೆ ಅದನ್ನೇ ಮನಸ್ಸಿನಲ್ಲಿ ಹೇಳಿಕೊಂಡ. ಮನೆಗೆ ಬಂದು ಕೈಕಾಲು ತೊಳೆದು ಹಾಸಿಗೆಯ ಹತ್ತಿರ ಕೂತು ಹೇಳಿದ. ಪುಂಡಿಪಲ್ಯ, ನುಚ್ಚು ಹಾಕಿದ್ದು, ಬೆಳ್ಳುಳ್ಳಿ ಒಗ್ಗರಣೆಯದ್ದು.

ತಂಗೆವ್ವನ ಮುಖ ಅರಳಿತು. ಬತ್ತಿಹೋದ ಆ ಮುಖದಲ್ಲಿ ಅಷ್ಟು ಸಂತೋಷ ಎಲ್ಲಿಂದ ಬಂತೋ. ಮದುವೆಯಾಗಿ ಇಪ್ಪತ್ತೈದು ವರ್ಷದಲ್ಲಿ ಅವನು ಅದನ್ನು ಕಂಡಿರಲಿಲ್ಲ. ನಾಲ್ಕು ಊರು ಅಲೆದು ಹುಡುಕಿದರೂ ಇಂಥ ಸುಖ ಒಂದು ದಿನವೂ ಸಿಕ್ಕಿರಲಿಲ್ಲ ಎನಿಸಿತು. ಆದರೆ ಅದು ಬಹಳ ಹೊತ್ತು ಉಳಿಯಲಿಲ್ಲ.

"ಅವರಿಗೆ ಹಿಡಿಸಿತ್ತಂತ?" ಎಂದು ತಂಗೆವ್ವ ಕೇಳಿದಳು.

ಅವಳು ಮೆಲ್ಲಗೆ, ನಡುನಡುವೆ ಉಸಿರು ತೆಗೆದುಕೊಳ್ಳುತ್ತ ಹೇಳಿದಳು. ಮದುವೆಯಾದ ವರ್ಷ ಒಮ್ಮೆ ಪುಂಡಿಪಲ್ಯ ಮಾಡಿದಾಗ, ಪುಂಡಿ ಸೊಪ್ಪಿನ ಹುಳಿಗೆ ಹಲ್ಲು ಜುಮ್ಮೆನ್ನುತ್ತವೆ ಎಂದು ನೀವು ತಾಟು ಸರಿಸಿ ಎದ್ದಿದ್ದಿರಿ. ಆಮೇಲೆ ನಿಮಗೆಂದು ಅದನ್ನು ಮಾಡಲಿಲ್ಲ. ಬುತ್ತಿಗೆ ಹಾಕಿದ್ದು ಬೇರೆಯವರಿಗೆ. ಬುತ್ತಿ ಉಣ್ಣುವವರು ನೀವಲ್ಲ ಎಂದು ಮೊದಲ ವರ್ಷವೇ ತಿಳಿದಿತ್ತು.

"ಡಬ್ಬಿ ಎಂದೂ ಬರೇದ ಬರಲಿಲ್ರಿ. ತೊಳದು, ಒಳಗ ನಾಕು ಶೇಂಗಾ ಇಟ್ಟಿರತಿದ್ರು. ಒಮ್ಮೆ ಬೆಲ್ಲದ ಹಳಕು, ಒಮ್ಮೆ ಬಾರಿಹಣ್ಣು. ಏನೂ ಸಿಗದ ದಿನ ದೇವರ ದೀಪಕ್ಕಂತ ಒಂದು ಬಿಳೀ ಹತ್ತಿ ಅರಳಿ. ನೀವು ಡಬ್ಬಿ ತೊಳಿಯೂ ಪೈಕಿ ಅಲ್ಲ."

ಬುತ್ತಿ ತಂದ ಪಾತ್ರೆಯನ್ನು ಬರಿದಾಗಿ ಮರಳಿಸಬಾರದು ಎಂಬುದು ಹನುಮಪ್ಪನಿಗೆ ತಾಯಿ ಕಲಿಸಿದ ರೀತಿ. ಹನ್ನೊಂದು ವರ್ಷ ಡಬ್ಬಿಯ ಮುಚ್ಚಳ ತೆರೆಯದ ನಿಜಗುಣಪ್ಪನಿಗೆ ಅದು ತಿಳಿಯುವ ದಾರಿಯೇ ಇರಲಿಲ್ಲ. ನೀವು ಉಣ್ಣುತ್ತಿಲ್ಲ ಎಂದು ತಿಳಿದಾಗ ಬಹಳ ಅತ್ತುಬಿಟ್ಟೆ ಎಂದಳು ತಂಗೆವ್ವ. ಸಿಟ್ಟಿನಿಂದ ನಾಲ್ಕು ದಿನ ಉಪ್ಪಿಲ್ಲದೆ ಮಾಡಿ ಕಳಿಸಿದಳಂತೆ. ಆಗಲೂ ಡಬ್ಬಿ ತೊಳೆದೇ ಬಂತು, ಆಗಲೂ ಒಳಗೊಂದು ಬೆಲ್ಲದ ತುಂಡಿತ್ತು. ಅದನ್ನು ನೋಡಿ ಅವಳಿಗೆ ನಾಚಿಕೆಯಾಯಿತು. ಅಲ್ಲಿಂದ ಮುಂದೆ ಆ ಕಾಣದ ಬಾಯಿಗೆಂದೇ ಒಲೆ ಹಚ್ಚಿದಳು. ಯಾವ ದಿನ ಶೇಂಗಾ ನಾಲ್ಕು ಹೆಚ್ಚು ಇರುತ್ತವೋ ಅವತ್ತಿನ ಪಲ್ಯ ಹಿಡಿಸಿದೆ ಎಂದು ತಿಳಿದುಕೊಳ್ಳುತ್ತಿದ್ದಳು. ಬೆಳಗಾದರೆ ಏನು ಮಾಡಲಿ ಎಂಬ ಹುರುಪು ಇರುತ್ತಿತ್ತು, ನಾಲ್ಕರ ಬಸ್ಸಿನ ದಾರಿ ಕಾಯುತ್ತಿದ್ದಳು. ಇಷ್ಟನ್ನೂ ಅವಳು ಸಿಟ್ಟಿಲ್ಲದೆ ಹೇಳಿದಳು. ನಿಜಗುಣಪ್ಪನಿಗೆ ತಾಳಲಾಗದ್ದು ಅದೇ. ಬೈದಿದ್ದರೆ ಕಾಲು ಹಿಡಿಯುತ್ತಿದ್ದ, ಅತ್ತಿದ್ದರೆ ತಾನೂ ಅಳುತ್ತಿದ್ದ. ಇಪ್ಪತ್ತೈದು ವರ್ಷದ ಸಂಸಾರದಲ್ಲಿ ಅವಳು ಹತ್ತು ವರ್ಷ ಸುಖವಾಗಿದ್ದಳು, ಆ ಸುಖದಲ್ಲಿ ಅವನಿಗೆ ಜಾಗ ಇರಲಿಲ್ಲ.

"ನನಗ್ಯಾಕ ಹೇಳಲಿಲ್ಲ?" ಎಂದು ಅವನು ಕೇಳಿದ.

"ಹೇಳಿದ್ರ ನೀವು ನಾಚಿ ನೀವ ಉಣ್ತಿದ್ರಿ," ಎಂದಳು ತಂಗೆವ್ವ. "ಆಮ್ಯಾಲ ಅವರಿಗೆ ಯಾರು ಹಾಕತಿದ್ರು?"

ಆಮೇಲೆ ಅವರ ಹೆಸರೇನು ಎಂದಳು. ಹನುಮಪ್ಪ ಎಂದು ಹೇಳಿದ. ಹನುಮಪ್ಪ, ಎಂದು ಅವಳು ಒಮ್ಮೆ ಅಂದುಕೊಂಡು ಗೋಡೆಯ ಕಡೆ ಹೊರಳಿದಳು.

ಅದಾಗಿ ಹದಿನೇಳು ದಿನಕ್ಕೆ ತಂಗೆವ್ವ ಹೋದಳು. ಹೊಲದಲ್ಲೇ ಕುಣಿ ತೋಡಿದ್ದರು. ಕಿತ್ತೂರಿನಿಂದ ತವರಿನವರು ಬಂದಿದ್ದರು, ಊರಿನವರು ಸುತ್ತ ನಿಂತಿದ್ದರು, ಸ್ವಾಮಿಗಳು ವಿಭೂತಿ ಪತ್ರಿ ಹಿಡಿದು ಕಾಯುತ್ತಿದ್ದರು. ಆರೂವರೆಯ ಬಸ್ಸಿನಲ್ಲಿ ಹೋದ ಕಂಡಕ್ಟರ್ ಅಂದಾನೆಪ್ಪನಿಂದ ಸುದ್ದಿ ತಿಳಿದು, ಹತ್ತು ಗಂಟೆಯ ಬಸ್ಸು ಹೊರಡುವ ಮೊದಲೇ ಹನುಮಪ್ಪ ಬೈಲಹೊಂಗಲದಿಂದ ಬಂದು ಮುಟ್ಟಿದ್ದ. ದೂರ ಬದುವಿನ ಮೇಲೆ ನಿಂತವನು ಹೆಣವನ್ನು ಕುಣಿಯ ಹತ್ತಿರ ತಂದಾಗ ತಡೆಯದೆ ಗೋಳೋ ಎಂದು ಅತ್ತ. ಎಂದೂ ಕಾಣದ ಮುಖವನ್ನು ಮೊದಲ ಸಲ ನೋಡಿ, ಹೆತ್ತವಳನ್ನು ಕಳೆದುಕೊಂಡವನ ಹಾಗೆ ಅತ್ತ. ಅಲ್ಲಿ ಅಷ್ಟು ಅತ್ತವರು ಶಿವಾನಿ ಮತ್ತು ಅವನು, ಇಬ್ಬರೇ. ನಿಜಗುಣಪ್ಪನ ಕಣ್ಣಲ್ಲಿ ನೀರಿರಲಿಲ್ಲ.

ಜನ ತಿರುಗಿ ನೋಡಿದರು. ಹೆಂಗಸರಲ್ಲಿ ಪಿಸುಮಾತು ಎದ್ದಿತು. ತಂಗೆವ್ವನ ಹಿರಿಯ ಸೋದರಮಾವ ಹುಬ್ಬು ಗಂಟಿಕ್ಕಿ, ಯಾರಪ್ಪ ಇವನು, ನಮ್ಮ ಹುಡುಗಿಗೆ ಏನಾಗಬೇಕು ಎಂದು ನಿಜಗುಣಪ್ಪನನ್ನೇ ಕೇಳಿದರು. ಪೇಟೆಯ ಹಮಾಲ, ಪರಿಚಯದವನು ಎಂದರೆ ಮಾತು ಅಲ್ಲಿಗೆ ಮುಗಿಯುತ್ತಿತ್ತು. ಇಷ್ಟು ವರ್ಷ ಮುಚ್ಚಿಟ್ಟದ್ದು ಮಣ್ಣಿನ ಜೊತೆ ಮುಚ್ಚಿಹೋಗುತ್ತಿತ್ತು. ನಿಜಗುಣಪ್ಪ ಸುತ್ತ ನಿಂತ ಬೀಗರನ್ನೂ ಮಗಳನ್ನೂ ನೋಡಿದ.

"ಅಕಿ ಕೈ ಅಡಿಗಿ ಉಂಡಾಂವ ಇವನೊಬ್ಬನ್ರಿ," ಎಂದ. "ನಾ ಉಂಡಿಲ್ಲ."

ಅವನು ಬದುವಿನವರೆಗೆ ಹೋಗಿ ಹನುಮಪ್ಪನ ರಟ್ಟೆ ಹಿಡಿದು ಕರೆತಂದ. ಮೊದಲ ಹಿಡಿ ಮಣ್ಣು ಹಾಕಲು ಗಂಡನಿಗೆಂದು ಬಿಟ್ಟಿದ್ದ ಜಾಗದಲ್ಲಿ ಅವನನ್ನು ನಿಲ್ಲಿಸಿ, ತಾನು ಹಿಂದೆ ಸರಿದು ಜನರ ನಡುವೆ ನಿಂತುಕೊಂಡ.